ಲಿಥಿಯಂ ಮಾತ್ರೆ: ಹನ್ನೊಂದು ವರ್ಷ ನುಂಗಿದ ಮೇಲೆ ಬರೆದ ರಿವ್ಯೂ

ಮಿಕ್ಸಿಗೆ ರಿವ್ಯೂ ಇದೆ, ಕುಕ್ಕರಿಗೆ ಇದೆ, ಹತ್ತು ರೂಪಾಯಿ ಪೆನ್ನಿಗೂ ಜನ ಫೋಟೋ ಹಾಕಿ ಬರೆಯುತ್ತಾರೆ. ನಾನು ಹನ್ನೊಂದು ವರ್ಷದಿಂದ ದಿನಾ ನುಂಗುವ ಮಾತ್ರೆಯ ಬಗ್ಗೆ, ಅದನ್ನು ನುಂಗಿದವರೇ ಕನ್ನಡದಲ್ಲಿ ಬರೆದದ್ದು ಹುಡುಕಿದೆ. ನನ್ನ ಕಣ್ಣಿಗಂತೂ ಬೀಳಲಿಲ್ಲ. ದಿನಕ್ಕೆ ಮೂರರಂತೆ ಲೆಕ್ಕ ಹಾಕಿದರೆ 12,000 ದಾಟಿದೆ. ಇಷ್ಟು ಬಳಸಿದವಳು ನಾನೇ ಬರೆಯದಿದ್ದರೆ ಹೇಗೆ ಅನ್ನಿಸಿತು.

ಮಾತ್ರೆ ಲಿಥಿಯಂ ಕಾರ್ಬೊನೇಟ್, 300 ಮಿಲಿಗ್ರಾಂ. ನನಗೆ ಕೊಟ್ಟದ್ದು ಬೈಪೋಲಾರ್‌ಗೆ, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಏರಿ ಒಮ್ಮೆ ಪಾತಾಳಕ್ಕೆ ಇಳಿಯುವ ಕಾಯಿಲೆಗೆ. ರಾತ್ರಿ ಊಟ ಆದಮೇಲೆ ಮೂರು. ಕಂಪನಿ ಹೆಸರು ಹೇಳುವುದಿಲ್ಲ. ಮೆಡಿಕಲ್‌ನಲ್ಲಿ ಸಿಕ್ಕ ಹಾಗೆ ಮೂರು ನಾಲ್ಕು ಕಂಪನಿಯದು ತಗೊಂಡಿದ್ದೇನೆ, ಒಳಗಿರುವುದು ಒಂದೇ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ, ದಾವಣಗೆರೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಇದನ್ನು ಓದಿ ಯಾರೂ ಮಾತ್ರೆ ಶುರು ಮಾಡಬೇಡಿ. ಅದಕ್ಕಿಂತ ಮುಖ್ಯವಾಗಿ, ಯಾರೂ ನಿಲ್ಲಿಸಬೇಡಿ.

ಈ ಮಾತ್ರೆಗೆ ನಾನು ಬಂದದ್ದು ಸುತ್ತು ಬಳಸಿ. ಮೊದಲು ಬಂದದ್ದು ಡಿಪ್ರೆಶನ್. ಒಬ್ಬ ಡಾಕ್ಟರು ಎಸಿಟಾಲೊಪ್ರಾಮ್ ಅನ್ನುವ ಡಿಪ್ರೆಶನ್ ಮಾತ್ರೆ ಬರೆದುಕೊಟ್ಟರು. ಮೆದುಳಿನಲ್ಲಿ ನರದಿಂದ ನರಕ್ಕೆ ಸುದ್ದಿ ಒಯ್ಯುವ ಸೆರೊಟೋನಿನ್ ಅಂತ ಒಂದಿದೆ, ಅದನ್ನು ಹೆಚ್ಚು ಮಾಡುತ್ತೆ ಕಣಮ್ಮ, ಸರಿಹೋಗುತ್ತೀರಿ ಅಂದರು. ಮೂರೇ ವಾರಕ್ಕೆ ಎಷ್ಟು ಸರಿಹೋದೆ ಅಂದರೆ ರಾತ್ರಿ ಎರಡು ಗಂಟೆ ನಿದ್ದೆ ಸಾಕಾಯಿತು, ಬೆಳಗಿನ ಜಾವ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದೆ, ಸಾಲ ಮಾಡಿ ಹದಿನಾಲ್ಕು ಸೀರೆ ತಂದೆ, ಹಪ್ಪಳದ ಫ್ಯಾಕ್ಟರಿ ಇಡುತ್ತೇನೆ ಅಂತ ಲೆಟರ್‌ಹೆಡ್ ಕೂಡ ಅಚ್ಚು ಹಾಕಿಸಿದೆ. ತಮಾಷೆ ಅಂದರೆ ಮನೆಯವರೆಲ್ಲ ಖುಷಿಪಟ್ಟರು. ಅಬ್ಬಾ, ಸೊಸೆ ಹುಷಾರಾದಳು ಅಂತ ನಮ್ಮತ್ತೆ ದುಗ್ಗಮ್ಮನಿಗೆ ಹಣ್ಣುಕಾಯಿ ಮಾಡಿಸಿ ಬಂದರು. ಆಮೇಲೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ಬೈಪೋಲಾರ್ ಇದ್ದವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಕೆಲವರು ಹೀಗೆ ಆ ಕಡೆಯ ತುದಿಗೆ, ಅಂದರೆ ಮೇನಿಯಾಗೆ, ಹಾರಿಬಿಡುತ್ತಾರೆ ಅಂತ ಗೊತ್ತಾದದ್ದು ಎರಡನೇ ಡಾಕ್ಟರ ಹತ್ತಿರ ಹೋದಾಗ.

ಆಗ ಕೊಟ್ಟದ್ದು ವಾಲ್ಪ್ರೊಏಟ್, ಜೊತೆಗೆ ರಿಸ್ಪೆರಿಡೋನ್. ಮೇನಿಯಾ ಇಳಿಯಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಬಾಚಣಿಗೆ ತುಂಬಾ ಕೂದಲು, ಮೈಮೇಲೆ ಒಂಬತ್ತು ಕೆಜಿ. ಮೂರನೇ ತಿಂಗಳು ಮುಟ್ಟು ನಿಂತಿತು, ಎದೆಯಲ್ಲಿ ಹಾಲು ಬಂತು. ಬಸುರಿ ಅಂದುಕೊಂಡೆ. ಅಲ್ಲ. ರಕ್ತ ನೋಡಿದರೆ ಪ್ರೊಲ್ಯಾಕ್ಟಿನ್ 140, ಇರಬೇಕಾದದ್ದು ಹೆಚ್ಚೆಂದರೆ 25ರ ಆಸುಪಾಸು. ಬಾಣಂತಿಗೆ ಹಾಲು ಬರಿಸುವ ಹಾರ್ಮೋನ್ ಅದು. ಮೆದುಳಿನ ಕೆಳಗೆ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಮಾಮೂಲಿ ದಿನದಲ್ಲಿ ಡೋಪಮೈನ್ ಅನ್ನುವ, ಮೆದುಳಿನದೇ ಇನ್ನೊಂದು ವಸ್ತು ಅದರ ಮೇಲೆ ಬ್ರೇಕ್ ಒತ್ತಿಕೊಂಡೇ ಇರುತ್ತದೆ. ರಿಸ್ಪೆರಿಡೋನ್ ತಡೆಯುವುದೇ ಡೋಪಮೈನನ್ನು. ಬ್ರೇಕ್ ಬಿಟ್ಟುಹೋಯಿತು, ಹಾಲು ಬಂತು. ಮನಸ್ಸಿನ ಮಾತ್ರೆ ಅಂದರೆ ಬರೀ ಮನಸ್ಸಿಗೆ ತಾಗುವುದಲ್ಲ, ಮೈಯ ಹಾರ್ಮೋನುಗಳನ್ನೂ ಕುಣಿಸುತ್ತದೆ ಅನ್ನುವ ಮೊದಲ ಪಾಠ ನನಗೆ ಆದದ್ದು ಹೀಗೆ, ಬ್ಲೌಸ್ ಒದ್ದೆಯಾಗಿ.

ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿ ಎರಡನ್ನೂ ನಿಧಾನಕ್ಕೆ ಇಳಿಸಿ ಲಿಥಿಯಂ ಶುರು ಮಾಡಿದರು. ಕೊಡುವ ಮೊದಲು ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ, ಇಸಿಜಿ ಎಲ್ಲ ಮಾಡಿಸಿದರು. ಒಂದು ಮಾತ್ರೆಗೆ ಇಷ್ಟೆಲ್ಲ ಯಾಕೆ ಅಂತ ನಮ್ಮನೆಯವರು ಗೊಣಗಿದರು. ಯಾಕೆ ಅಂತ ಒಂದೊಂದಾಗಿ ಗೊತ್ತಾಗುತ್ತಾ ಬಂತು. ಈ ರಿವ್ಯೂ ಮುಕ್ಕಾಲು ಪಾಲು ಅದರದ್ದೇ.

ಮೊದಲು ಮಾತ್ರೆ ಹೇಗಿದೆ ಹೇಳುತ್ತೇನೆ. ಬಿಳಿ, ದುಂಡಗೆ, ನಾಲಿಗೆ ಮೇಲೆ ಸ್ವಲ್ಪ ಹೊತ್ತು ನಿಂತರೆ ಹಿತ್ತಾಳೆ ಚಮಚ ಚೀಪಿದ ರುಚಿ. ಲಿಥಿಯಂ ಒಂದು ಮೂಲವಸ್ತು, ಹೈಡ್ರೋಜನ್, ಹೀಲಿಯಂ ಆದಮೇಲೆ ಮೂರನೆಯದು. ಫ್ಯಾಕ್ಟರಿಯಲ್ಲಿ ಯಾರೋ ತಲೆ ಓಡಿಸಿ ಕಟ್ಟಿದ ಔಷಧಿಯಲ್ಲ, ಬಂಡೆಯಲ್ಲಿ, ಉಪ್ಪುನೀರಿನಲ್ಲಿ ಸಿಗುವ ವಸ್ತು. ಮೊಬೈಲ್ ಬ್ಯಾಟರಿಯಲ್ಲಿ ಇರುವುದೂ ಇದೇ. ನಮ್ಮ ಅಕ್ಕನ ಮಗ ರಾತ್ರಿ ಫೋನ್ ಮಾಡಿದಾಗಲೆಲ್ಲ, ಚಿಕ್ಕಮ್ಮ ಚಾರ್ಜಿಗೆ ಹಾಕಿಕೊಂಡ್ರಾ ಅಂತ ಕೇಳುತ್ತಾನೆ. ಮೂಲವಸ್ತುವಿಗೆ ಪೇಟೆಂಟ್ ಮಾಡಿಸುವವರಿಲ್ಲ, ಹಾಗಾಗಿ ಬೆಲೆ ತೀರಾ ಕಡಿಮೆ. ಹತ್ತು ಮಾತ್ರೆಯ ಪಟ್ಟಿಗೆ ಒಂದು ಬೆಣ್ಣೆ ದೋಸೆಯಷ್ಟೂ ಆಗುವುದಿಲ್ಲ. ಬೆಲೆಗೆ ಐದಕ್ಕೆ ಐದು. ಆದರೆ ಅಗ್ಗದ ಮಾತ್ರೆಯಲ್ಲಿ ಅಂಗಡಿಯವರಿಗೆ ಲಾಭ ಕಡಿಮೆ, ಕೊಳ್ಳುವವರೂ ಕಡಿಮೆ, ಅದಕ್ಕೇ ಸಣ್ಣ ಊರಿನ ಮೆಡಿಕಲ್‌ಗಳಲ್ಲಿ ಇಡುವುದೇ ಇಲ್ಲ. ಒಂದ್ಸಲ ಮದುವೆಗೆ ಹೋದ ಊರಲ್ಲಿ ಚೀಟಿ ತೋರಿಸಿದರೆ ಅಂಗಡಿಯವನು, ಇದು ತಲೆ ಕೆಟ್ಟವರ ಮಾತ್ರೆ ಅಲ್ವೇನಕ್ಕಾ, ಯಾರಿಗೆ ಅಂತ ನಾಲ್ಕು ಜನರ ಮುಂದೆ ಜೋರಾಗಿ ಕೇಳಿದ. ನನಗೇ ಕಣಪ್ಪ, ಹದಿನೈದು ದಿನದ್ದು ಕೊಡು ಅಂದೆ. ಇರಲಿಲ್ಲ ಅವನ ಹತ್ತಿರ. ಅವತ್ತಿನಿಂದ ಎಲ್ಲಿಗೆ ಹೋದರೂ ಬ್ಯಾಗಿನಲ್ಲಿ ಎರಡು ಪಟ್ಟಿ ಹೆಚ್ಚುವರಿ ಇರುತ್ತವೆ.

ಇದರ ಹಳೇ ಕಥೆ ಓದುವಾಗ ನಗುವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ. 1929ರಲ್ಲಿ ಬಂದ ಸೆವೆನ್ ಅಪ್‌ನಲ್ಲಿ 1948ರವರೆಗೆ ಲಿಥಿಯಂ ಸಿಟ್ರೇಟ್ ಹಾಕುತ್ತಿದ್ದರಂತೆ. 1940ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್ ಹತ್ತಿರ ಜಾನ್ ಕೇಡ್ ಅನ್ನುವ ಡಾಕ್ಟರು ಗಿನಿಪಿಗ್‌ಗಳಿಗೆ ಲಿಥಿಯಂ ಚುಚ್ಚಿ ನೋಡಿದರು, ಅವು ಮೆತ್ತಗಾಗಿ ಬಿದ್ದುಕೊಂಡವು. ಪಾಪ, ವಿಷ ಏರಿಯೇ ಮೆತ್ತಗಾಗಿದ್ದವೇನೋ. ಆಮೇಲೆ ಅವರು ಮೇನಿಯಾ ಇದ್ದ ಹತ್ತು ಜನರಿಗೆ ಕೊಟ್ಟರು, ಪರಿಣಾಮ ಬೆರಗಾಗುವಂತೆ ಬಂತು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಇದ್ದ ಮೊದಲ ರೋಗಿ ಹುಷಾರಾಗಿ ಮನೆಗೆ ಹೋದರು, ಕೆಲಸಕ್ಕೂ ಹೋದರು. ಆಮೇಲೆ ಮಾತ್ರೆ ಬಿಟ್ಟರು, ಕಾಯಿಲೆ ಮತ್ತೆ ಬಂತು, ಮತ್ತೆ ಶುರು ಮಾಡಿದರು, 1950ರಲ್ಲಿ ಅದೇ ಲಿಥಿಯಂ ಮೈಯಲ್ಲಿ ಹೆಚ್ಚಾಗಿ ತೀರಿಕೊಂಡರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಹೃದಯದ ಕಾಯಿಲೆಯವರಿಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರಿ, ಜನ ಸತ್ತು, ಅಂಗಡಿಯಿಂದ ಹಿಂದಕ್ಕೆ ತೆಗೆಸಿದರು. ಡೆನ್ಮಾರ್ಕಿನ ಮೊಗೆನ್ಸ್ ಸ್ಕೌ 1954ರಲ್ಲಿ ಸರಿಯಾಗಿ ಪರೀಕ್ಷೆ ಮಾಡಿ ಇದು ಕೆಲಸ ಮಾಡುತ್ತದೆ ಅಂತ ತೋರಿಸಿದರೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಬದುಕಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಜಾಗ ಸ್ವಲ್ಪವೇ. ಇಡೀ ಮಾತ್ರೆಯ ಗುಣ ಅವಗುಣ ಎರಡೂ ಆ ಮೊದಲ ರೋಗಿಯ ಕಥೆಯಲ್ಲೇ ಇದೆ, ನೋಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಅದು ತಲೆಯೊಳಗೆ ಏನು ಮಾಡುತ್ತೆ? ನಮ್ಮ ಆಫೀಸಿನ ಒಬ್ಬರು ವಾಟ್ಸಾಪಿನಲ್ಲಿ ಬಂದದ್ದು ತೋರಿಸಿ, ಸೆರೊಟೋನಿನ್ ಅಂದರೆ ಖುಷಿಯ ಹಾರ್ಮೋನಂತೆ, ಬಾಳೆಹಣ್ಣು ತಿಂದರೆ ಬರುತ್ತಂತೆ, ಸುಮ್ನೆ ಯಾಕೆ ಮಾತ್ರೆ ನುಂಗ್ತೀರಿ ಮೇಡಂ ಅಂದರು. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇರುವುದು ನಿಜ. ಆದರೆ ಹೊಟ್ಟೆಗೆ ಹೋದದ್ದು ಹೊಟ್ಟೆಯಲ್ಲೇ ಉಳಿಯಿತು, ರಕ್ತದಿಂದ ಮೆದುಳಿಗೆ ದಾಟಲು ಅದಕ್ಕೆ ದಾರಿಯಿಲ್ಲ. ನಮ್ಮ ಮೈಯ ಸೆರೊಟೋನಿನ್‌ನಲ್ಲಿ ಶೇಕಡ 90ರಷ್ಟು ಇರುವುದೇ ಕರುಳಿನಲ್ಲಿ. ಮೆದುಳು ತನಗೆ ಬೇಕಾದಷ್ಟನ್ನು ಟ್ರಿಪ್ಟೊಫಾನ್ ಅನ್ನುವ ವಸ್ತುವಿನಿಂದ ತಾನೇ ಮಾಡಿಕೊಳ್ಳುತ್ತದೆ. ಅದಕ್ಕೇ ರಕ್ತ ಕೊಟ್ಟು ಸೆರೊಟೋನಿನ್ ಟೆಸ್ಟ್ ಮಾಡಿಸಿದರೆ ಮೆದುಳಿನದ್ದು ಗೊತ್ತಾಗುವುದಿಲ್ಲ. ಇದು ಗೊತ್ತಿಲ್ಲದೆ ನಾನು ಒಂದು ಲ್ಯಾಬಿನಲ್ಲಿ ದುಡ್ಡು ದಂಡ ಮಾಡಿದ್ದೇನೆ.

ನಮ್ಮ ಡಾಕ್ಟರಿಗೆ ತಾಳ್ಮೆ ಜಾಸ್ತಿ. ನಾನು ಕೇಳಿದಾಗಲೆಲ್ಲ ಚಿತ್ರ ಬರೆದು ಹೇಳುತ್ತಾರೆ. ಅವರ ಚಿತ್ರವನ್ನು ನಾನು ನಮ್ಮ ಊರಿಗೆ ಹೊಂದಿಸಿಕೊಂಡಿದ್ದೇನೆ. ನಮ್ಮದು ಭದ್ರಾ ನಾಲೆಯ ಕೊನೆ ಭಾಗ. ಮೇಲೆ ನೀರು ಬಿಟ್ಟರೂ ನಮ್ಮ ಗದ್ದೆಗೆ ಬರುತ್ತದೋ ಇಲ್ಲವೋ ಅನ್ನುವುದೇ ಪ್ರತಿ ಬೇಸಿಗೆಯ ಜಗಳ. ಸೆರೊಟೋನಿನ್ ಹರಿಸುವ ನರಗಳೂ ಹಾಗೇ ಅಂದುಕೊಳ್ಳಿ. ಮೆದುಳಿನ ಬುಡದಲ್ಲಿ ಸಣ್ಣ ಜಾಗದಿಂದ ಹೊರಟು ಇಡೀ ಮೆದುಳಿಗೆ ಕವಲೊಡೆದು ಹೋಗುತ್ತವೆ. ಆ ನರಗಳಲ್ಲಿ ಒಂದು ತಮಾಷೆಯ ತೂಬು ಇದೆ. ತಾನು ಬಿಟ್ಟ ಸೆರೊಟೋನಿನ್ ಹೆಚ್ಚಾಯಿತು ಅನ್ನಿಸಿದರೆ ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಡಿಪ್ರೆಶನ್ ಮಾತ್ರೆಗಳು ಬಿಟ್ಟ ನೀರು ವಾಪಸ್ ಹೋಗದ ಹಾಗೆ ಅಡ್ಡ ಕಟ್ಟೆ ಹಾಕುತ್ತವೆ. ಲಿಥಿಯಂ ಮಾಡುವುದು ಬೇರೆ. ಇಲಿಗಳಲ್ಲಿ ನೋಡಿದಾಗ, ಅದು ಟ್ರಿಪ್ಟೊಫಾನ್ ಒಳಗೆ ಬರುವುದನ್ನು ಹೆಚ್ಚು ಮಾಡಿತು, ಆ ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ತೂಬನ್ನು ಸ್ವಲ್ಪ ಸಡಿಲ ಮಾಡಿತು, ಹಾಗಾಗಿ ಕೆಲವು ಕಡೆ ಸೆರೊಟೋನಿನ್ ಬಿಡುಗಡೆ ಹೆಚ್ಚಾಯಿತು. ಅಂದರೆ ಲಿಥಿಯಂ ಡ್ಯಾಮಿಗೆ ನೀರು ತುಂಬುವುದಕ್ಕಿಂತ ನೀರುಗಂಟಿ ಕೆಲಸ ಜಾಸ್ತಿ ಮಾಡುತ್ತದೆ.

ಇಲಿಯದ್ದು ಸರಿ, ಮನುಷ್ಯರ ತಲೆ ಕೊರೆದು ನೋಡುವುದಕ್ಕೆ ಆಗುತ್ತದೆಯೇ? ಇಲ್ಲಿ ಬರುವುದೇ ಹಾರ್ಮೋನು. ನನಗೆ ಬಹಳ ಇಷ್ಟವಾದ ಜಾಗ ಇದು, ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ. ಮೇಲೆ ನಾಲೆಗೆ ನೀರು ಬಿಟ್ಟಿದ್ದಾರೋ ಇಲ್ಲವೋ ಅಂತ ನಮ್ಮ ಮಾವನವರು ಯಾರನ್ನೂ ಕೇಳುತ್ತಿರಲಿಲ್ಲ, ತೋಟದ ಬಾವಿಗೆ ಬಗ್ಗಿ ನೋಡುತ್ತಿದ್ದರು. ನಾಲೆ ಹರಿದರೆ ಬಾವಿಯ ಸೆಲೆ ಏರುತ್ತದೆ. ಮೆದುಳಿನಲ್ಲೂ ಅಂಥ ಬಾವಿ ಇದೆ. ಸೆರೊಟೋನಿನ್ ಹೋಗಿ ಹೈಪೊಥಾಲಮಸ್ ಅನ್ನುವ ಜಾಗವನ್ನು ತಟ್ಟಿದರೆ, ಅದು ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಸ್ವಲ್ಪ ಪ್ರೊಲ್ಯಾಕ್ಟಿನ್ ಬಿಡುತ್ತದೆ. ಇನ್ನೊಂದು ದಾರಿಯಲ್ಲಿ ಕಿಡ್ನಿಯ ಮೇಲೆ ಕೂತ ಗ್ರಂಥಿಯಿಂದ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಬಿಡಿಸುತ್ತದೆ. ಇವೆರಡೂ ರಕ್ತದಲ್ಲಿ ಸಿಗುತ್ತವೆ, ಅಳೆಯಬಹುದು. ಹಾಗಾಗಿ 1980ರ ದಶಕದಲ್ಲಿ ಸಂಶೋಧಕರು ಹೀಗೆ ಮಾಡಿದರು: ಟ್ರಿಪ್ಟೊಫಾನ್ ಡ್ರಿಪ್ ಹಾಕುವುದು, ಇಲ್ಲವೇ ಸೆರೊಟೋನಿನ್ ಹೊರಹಾಕಿಸುವ ಫೆನ್‌ಫ್ಲುರಮೈನ್ ಕೊಡುವುದು, ಆಮೇಲೆ ಆಗಾಗ ರಕ್ತ ತೆಗೆದು ಹಾರ್ಮೋನ್ ಎಷ್ಟು ಏರಿತು ನೋಡುವುದು. ಲಿಥಿಯಂ ತೆಗೆದುಕೊಂಡವರಲ್ಲಿ ಟ್ರಿಪ್ಟೊಫಾನ್‌ಗೆ ಪ್ರೊಲ್ಯಾಕ್ಟಿನ್ ಜಾಸ್ತಿ ಏರಿತು. ಸೆರೊಟೋನಿನ್ ಆಗುವ ಮುಂಚಿನ ಮೆಟ್ಟಿಲಿನ ವಸ್ತು ಕೊಟ್ಟಾಗ ಕಾರ್ಟಿಸಾಲ್ ಕೂಡ ಜಾಸ್ತಿ ಏರಿತು. ಬಾವಿ ನೋಡಿ ನಾಲೆಯ ಲೆಕ್ಕ ಹೇಳಿದ ಹಾಗಾಯಿತು. ಈ ಫೆನ್‌ಫ್ಲುರಮೈನನ್ನು ತೂಕ ಇಳಿಸಲು ಮಾರುತ್ತಿದ್ದರು, ಹೃದಯದ ಕವಾಟ ಹಾಳು ಮಾಡುತ್ತದೆ ಅಂತ 1997ರಲ್ಲಿ ಅಮೆರಿಕದಲ್ಲಿ ಅದನ್ನು ಹಿಂದಕ್ಕೆ ತೆಗೆದರು.

ಹಾಗಾದರೆ ಲಿಥಿಯಂ ಕೂಡ ನನಗೆ ಹಾಲು ಬರಿಸಬೇಕಿತ್ತಲ್ಲ? ಇದೇ ಪ್ರಶ್ನೆ ನಾನೂ ಕೇಳಿದೆ. ಇಲ್ಲ. ಆ ಪರೀಕ್ಷೆಗಳಲ್ಲಿ ಏರಿದ್ದು ತಟ್ಟಿದಾಗ ಮಾತ್ರ, ಸ್ವಲ್ಪ ಹೊತ್ತು ಮಾತ್ರ. ದಿನನಿತ್ಯದ ಪ್ರೊಲ್ಯಾಕ್ಟಿನನ್ನು ಲಿಥಿಯಂ ಅಷ್ಟಾಗಿ ಮುಟ್ಟುವುದಿಲ್ಲ. ಡೋಪಮೈನ್ ಬ್ರೇಕ್ ಅಲ್ಲಿಯೇ ಇರುತ್ತದೆ. ರಿಸ್ಪೆರಿಡೋನ್ ಬಿಟ್ಟ ಮೇಲೆ ನನ್ನದು 140ರಿಂದ 18ಕ್ಕೆ ಬಂತು, ಮುಟ್ಟು ಸರಿಯಾಯಿತು. ಅಷ್ಟು ಸಾಕಿತ್ತು ನನಗೆ.

1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಸಣ್ಣ ಪ್ರಯೋಗ ಆಯಿತು. ಡಿಪ್ರೆಶನ್ ಮಾತ್ರೆಗೆ ಬಗ್ಗದ ಎಂಟು ಜನರಿಗೆ ಮೇಲಿಂದ ಲಿಥಿಯಂ ಕೊಟ್ಟರು, ಎರಡೇ ದಿನದಲ್ಲಿ ಸುಧಾರಿಸಿದರು. ಡಿ ಮೋಂಟಿನ್ಯಿ ಅನ್ನುವವರ ತಂಡದ ಊಹೆ ಏನು ಅಂದರೆ, ಹಳೇ ಮಾತ್ರೆ ಸೆರೊಟೋನಿನ್ ಪಡೆಯುವ ಕಡೆಯನ್ನು ಮೊದಲೇ ಹದ ಮಾಡಿಟ್ಟಿತ್ತು, ಲಿಥಿಯಂ ಬಂದು ಬಿಡುವ ಕಡೆಯನ್ನು ತೆರೆಯಿತು. ಗದ್ದೆ ಉತ್ತಿದ್ದರು, ನೀರು ಬಂತು. ಆಮೇಲಿನ ದೊಡ್ಡ ಪರೀಕ್ಷೆಗಳಲ್ಲಿ ಎಲ್ಲರಿಗೂ ಎರಡು ದಿನದಲ್ಲಿ ಪವಾಡ ಆಗಲಿಲ್ಲ, ಆದರೆ ಹೀಗೆ ಜೊತೆಗೆ ಸೇರಿಸುವ ರೂಢಿ ಇವತ್ತಿಗೂ ಇದೆ. ಸೇರಿಸುವಾಗ ಡಾಕ್ಟರ ಕಣ್ಣಿರಬೇಕು, ಸೆರೊಟೋನಿನ್ ಅತಿಯಾದರೆ ನಡುಕ, ಜ್ವರ, ಗೊಂದಲ ಎಲ್ಲ ಬರುತ್ತವೆ. ಇನ್ನು ಸೆರೊಟೋನಿನ್ ಒಂದೇ ಇದರ ಗುಟ್ಟು ಅಂದುಕೊಳ್ಳಬೇಡಿ. ಲಿಥಿಯಂ ಜೀವಕೋಶದ ಒಳಗೆ ಸುದ್ದಿ ದಾಟಿಸುವ ಇನೊಸಿಟಾಲ್ ಚಕ್ರವನ್ನು ನಿಧಾನ ಮಾಡುತ್ತದೆ, ಜಿಎಸ್‌ಕೆ-3 ಅನ್ನುವ ಕಿಣ್ವವನ್ನು ಹಿಡಿದಿಡುತ್ತದೆ. ಯಾವುದರಿಂದ ಮನಸ್ಸು ನಿಲ್ಲುತ್ತದೆ ಅನ್ನುವ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. 75 ವರ್ಷ ದಾಟಿದ ಮಾತ್ರೆ, ಇನ್ನೂ ಪೂರ್ತಿ ಬಾಯಿ ಬಿಟ್ಟಿಲ್ಲ.

ಬಳಸಿದವಳ ಮಾತು ಕೇಳಿದರೆ, ಇದು ಖುಷಿಯ ಮಾತ್ರೆ ಅಲ್ಲವೇ ಅಲ್ಲ. ನುಂಗಿದ ತಕ್ಷಣ ಏನೂ ಆಗುವುದಿಲ್ಲ. ಮೊದಲ ಎರಡು ವಾರ ಬರೀ ಹೊಟ್ಟೆ ತೊಳಸು. ಮೂರನೇ ತಿಂಗಳು ಒಂದಿನ ನೋಡಿಕೊಂಡೆ, ಅತ್ತೆ ಬೈದರು, ಬೇಜಾರಾಯಿತು, ಸಂಜೆಗೆ ಮರೆತೆ. ಹಿಂದೆ ಅದೇ ಬೈಗುಳ ಮೂರು ವಾರ ಹಾಸಿಗೆ ಹಿಡಿಸುತ್ತಿತ್ತು. ಅಳು ಬರುತ್ತದೆ, ನಗು ಬರುತ್ತದೆ, ಆದರೆ ಎರಡೂ ಬಂದ ಮೇಲೆ ಎದ್ದು ಹೋಗುತ್ತವೆ. ಹನ್ನೊಂದು ವರ್ಷದಲ್ಲಿ ಮೇನಿಯಾ ಒಂದು ಸಲವೂ ಪೂರ್ತಿ ತಲೆ ಎತ್ತಿಲ್ಲ, ಡಿಪ್ರೆಶನ್ ಎರಡು ಸಲ ಬಂದು ಬೇಗ ಹೋಯಿತು. ಆತ್ಮಹತ್ಯೆಯ ಅಪಾಯ ಕಡಿಮೆ ಮಾಡುವುದರಲ್ಲಿ ಲಿಥಿಯಂಗೆ ಇರುವಷ್ಟು ಪುರಾವೆ ಈ ಗುಂಪಿನ ಬೇರೆ ಮಾತ್ರೆಗಳಿಗಿಲ್ಲ ಅಂತ ಡಾಕ್ಟರು ಹೇಳಿದಾಗ ನಮ್ಮನೆಯವರು ಸುಮ್ಮನೆ ನೆಲ ನೋಡಿದರು. ಅವರಿಗೆ ಗೊತ್ತಿತ್ತು ಯಾಕೆ ಹೇಳಿದರು ಅಂತ. ಓದುವವರಲ್ಲಿ ಯಾರಿಗಾದರೂ ಅಂಥ ರಾತ್ರಿ ಬಂದಿದ್ದರೆ ಟೆಲಿ ಮಾನಸ್, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಯಾವ ಹೊತ್ತಿಗಾದರೂ.

ಕೆಲಸಕ್ಕೆ ಐದಕ್ಕೆ ಐದು ಕೊಟ್ಟೆ. ಈಗ ಕಳೆಯುವ ಲೆಕ್ಕ.

ಬಾಯಾರಿಕೆ. ದೇವರೇ, ಆ ಬಾಯಾರಿಕೆ! ದಿನಕ್ಕೆ ನಾಲ್ಕು ಲೀಟರ್ ನೀರು. ಕುಡಿದಷ್ಟೂ ಉಚ್ಚೆ. ನಮ್ಮ ಮೈಯಲ್ಲಿ ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನ್ ಇದೆ, ಅದು ಪಿಟ್ಯುಟರಿಯಿಂದ ಬಂದು ಕಿಡ್ನಿಗೆ ನೀರು ಉಳಿಸು ಅಂತ ಹೇಳುತ್ತದೆ. ಲಿಥಿಯಂ ಕಿಡ್ನಿಯ ಕಿವಿಗೆ ಹತ್ತಿ ಇಟ್ಟ ಹಾಗೆ ಮಾಡುತ್ತದೆ. ಹಾರ್ಮೋನ್ ಕೂಗುತ್ತಲೇ ಇರುತ್ತದೆ, ಕಿಡ್ನಿ ನೀರು ಬಿಡುತ್ತಲೇ ಇರುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್ ಬಸ್ಸಿನಲ್ಲಿ ಹೋಗುವ ಹೆಂಗಸಿಗೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ ತಾನೆ. ನೀರು ಕುಡಿಯದೆ ಕೂತರೆ ಲಿಥಿಯಂ ಏರುತ್ತದೆ, ಕುಡಿದರೆ ಬಸ್ ನಿಲ್ಲಿಸಬೇಕು, ನಿಲ್ಲಿಸಿದ ಕಡೆ ಶೌಚಾಲಯಕ್ಕೆ ಬೀಗ. ಈಗ ರೈಲೇ. ಬೇಕೆಂದಾಗ ಎದ್ದು ಹೋಗಬಹುದು. ಮೂರು ಹೊತ್ತು ಹಂಚಿ ತೆಗೆದುಕೊಳ್ಳುತ್ತಿದ್ದದ್ದನ್ನು ರಾತ್ರಿ ಒಂದೇ ಸಲಕ್ಕೆ ಮಾಡಿದ ಮೇಲೆ ಸ್ವಲ್ಪ ಕಡಿಮೆಯಾಯಿತು.

ಓಪಿಡಿ ಬೆಂಚಿನಲ್ಲಿ ಪಕ್ಕ ಕೂತಿದ್ದ ಹೆಂಗಸಿಗೆ ಕಾರ್ಬಮಜಪೀನ್ ಕೊಟ್ಟಿದ್ದರು, ಅದೂ ಮನಸ್ಸು ನಿಲ್ಲಿಸುವ ಮಾತ್ರೆಯೇ. ಆಕೆಗೆ ಸರಿ ಉಲ್ಟಾ. ಅದು ಅದೇ ವ್ಯಾಸೊಪ್ರೆಸಿನ್‌ನ ಕೆಲಸವನ್ನು ಜೋರು ಮಾಡಿ ನೀರು ಮೈಯಲ್ಲೇ ನಿಂತು ರಕ್ತದ ಸೋಡಿಯಂ ತೆಳ್ಳಗಾಗಿಬಿಟ್ಟಿತ್ತಂತೆ, ತಲೆಸುತ್ತಿ ಬಿದ್ದಿದ್ದರು. ಒಂದೇ ಕಾಯಿಲೆ, ಒಂದೇ ಹಾರ್ಮೋನ್, ನನಗೆ ನೀರು ಕುಡಿ ಅನ್ನುತ್ತಾರೆ, ಆಕೆಗೆ ಕಡಿಮೆ ಕುಡಿ ಅನ್ನುತ್ತಾರೆ. ಇಬ್ಬರೂ ನಕ್ಕೆವು. ಪಕ್ಕದ ಮನೆಯವರ ಸಲಹೆ ಯಾಕೆ ಕೇಳಬಾರದು ಅಂತ ಗೊತ್ತಾಯಿತಲ್ಲ.

ಥೈರಾಯ್ಡ್ ನನ್ನನ್ನು ಮೋಸ ಮಾಡಿದ್ದು ಮೂರನೇ ವರ್ಷ. ಸುಸ್ತು, ಮೈ ಊದು, ಚಳಿ, ಬೆಳಗ್ಗೆ ಏಳಲಾಗದು, ಯಾವುದೂ ಬೇಡ. ಬಂತು ನೋಡು ಮತ್ತೆ ಡಿಪ್ರೆಶನ್ ಅಂತ ಎಲ್ಲರೂ ಹೇಳಿದೆವು, ನಾನೂ ನಂಬಿದೆ. ಮಾತ್ರೆ ಕೆಲಸ ನಿಲ್ಲಿಸಿತು ಅಂತ ಅತ್ತೆ. ಡಾಕ್ಟರು ಮಾತಾಡದೆ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ಟೆಸ್ಟ್ ಬರೆದುಕೊಟ್ಟರು. 14 ಬಂತು, ಇರಬೇಕಾದದ್ದಕ್ಕಿಂತ ಬಹಳ ಜಾಸ್ತಿ. ಲಿಥಿಯಂ ಹೋಗಿ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಂಡು ಅಲ್ಲಿ ತಯಾರಾದ ಹಾರ್ಮೋನ್ ಹೊರಗೆ ಬರದ ಹಾಗೆ ತಡೆಯುತ್ತದೆ. ಮಾಲು ಗೋಡೌನಿನಲ್ಲಿದೆ, ಲಾರಿ ಹೊರಡುತ್ತಿಲ್ಲ. ಮೇಲಿಂದ ಪಿಟ್ಯುಟರಿ ಕಳಿಸು ಕಳಿಸು ಅಂತ ಕೂಗುವುದೇ ಟಿಎಸ್‌ಎಚ್ ಏರಿಕೆ. ಹೆಂಗಸರಲ್ಲಿ ಇದು ಜಾಸ್ತಿ. ಲಿಥಿಯಂ ನಿಲ್ಲಿಸಬೇಕಾಗಲಿಲ್ಲ, ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ 50 ಮೈಕ್ರೋಗ್ರಾಂ ಸೇರಿಸಿದರು, ಎರಡು ತಿಂಗಳಲ್ಲಿ ಎದ್ದು ಓಡಾಡಿದೆ. ಲಿಥಿಯಂ ತಗೊಳ್ಳುವವರು ಮನಸ್ಸು ಕುಸಿದಾಗ ಮೊದಲು ಥೈರಾಯ್ಡ್ ನೋಡಿಸಿ, ಆಮೇಲೆ ಹಣೆಬರಹ ಬೈಯಿರಿ.

ಇನ್ನು ಉಪ್ಪು. ಕಿಡ್ನಿಗೆ ಸೋಡಿಯಂ ಮತ್ತು ಲಿಥಿಯಂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಉಪ್ಪು ಕಡಿಮೆಯಾದರೆ ಕಿಡ್ನಿ ಗಾಬರಿಯಾಗಿ ಸೋಡಿಯಂ ಹಿಡಿದಿಡುತ್ತದೆ, ಜೊತೆಗೆ ಲಿಥಿಯಂ ಕೂಡ ಹಿಡಿದುಬಿಡುತ್ತದೆ. ಅದಕ್ಕೇ ಉಪ್ಪಿಲ್ಲದ ಉಪವಾಸ, ನೀರಿಲ್ಲದ ಏಕಾದಶಿ, ಡಯಟ್ ಅಂತ ಉಪ್ಪು ಬಿಡುವುದು ಯಾವುದೂ ನಮಗಲ್ಲ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಬೆವರಿದರೂ ಇದೇ ಕಥೆ. ಇದೆಲ್ಲ ಗೊತ್ತಿದ್ದೂ ನಾನು ಸಿಕ್ಕಿಹಾಕಿಕೊಂಡೆ. ಅಣ್ಣನ ಮಗಳ ಮದುವೆ, ಹರಿಹರದಲ್ಲಿ, ಮೇ ತಿಂಗಳು. ಊಟ ಹೆಚ್ಚುಕಡಿಮೆಯಾಗಿ ಭೇದಿ ಹತ್ತಿತು. ಅದರ ಜೊತೆ ಮಂಡಿನೋವು ಅಂತ ಮೆಡಿಕಲ್‌ನಲ್ಲಿ ಕೇಳಿ ಡೈಕ್ಲೋಫೆನಾಕ್ ತಂದು ಮೂರು ದಿನ ನುಂಗಿದೆ. ಯಾರೂ ಬೇರೆ ಮಾತ್ರೆ ಏನಾದರೂ ಇದೆಯಾ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಕಿಡ್ನಿಯಿಂದ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ, ಬಿಪಿಯ ಕೆಲವು ಮಾತ್ರೆಗಳೂ ಅಷ್ಟೇ. ನಾಲ್ಕನೇ ದಿನ ಕೈ ಎಷ್ಟು ನಡುಗಿತು ಅಂದರೆ ಆರತಿ ತಟ್ಟೆ ಹಿಡಿಯಲಾಗಲಿಲ್ಲ, ನಡೆದರೆ ಕುಡಿದವಳ ಹಾಗೆ, ಮಾತು ತೊದಲು. ಬೀಗರೆಲ್ಲ ಏನಂದುಕೊಂಡರೋ. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದ ಲಿಥಿಯಂ ಲೆವೆಲ್ 1.9. ಮೂರು ದಿನ ಡ್ರಿಪ್, ಲಿಥಿಯಂ ಬಂದ್, ಪುಣ್ಯಕ್ಕೆ ಕಿಡ್ನಿ ಉಳಿಯಿತು. ಈಗ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಭೇದಿ ಶುರುವಾದರೆ ಓಆರ್‌ಎಸ್ ಕುಡಿಯುತ್ತಾ ಮೊದಲ ಫೋನ್ ಡಾಕ್ಟರಿಗೆ.

ನನಗೆ ಇರಬೇಕಾದ ಲೆವೆಲ್ 0.6ರಿಂದ 0.8. 1.5 ದಾಟಿದರೆ ಅಪಾಯ, ವಯಸ್ಸಾದವರಿಗೆ ಅದಕ್ಕಿಂತ ಕೆಳಗೇ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದಮೇಲೆ ರಕ್ತ ಕೊಡಬೇಕು, ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಗ್ಗೆ ಒಂಬತ್ತಕ್ಕೆ. ಆರಕ್ಕೇ ಹೋಗಿ ಕೊಟ್ಟರೆ ಸುಮ್ಮನೆ ಜಾಸ್ತಿ ತೋರಿಸುತ್ತದೆ. ತಿಂಗಳ ಮಾತ್ರೆಗಿಂತ ಒಂದು ಟೆಸ್ಟಿನ ಖರ್ಚೇ ಜಾಸ್ತಿ, ಇದೊಂದು ವಿಚಿತ್ರ. ಅಷ್ಟೇ ಅಲ್ಲ, ಎಲ್ಲ ಲ್ಯಾಬಿನವರಿಗೂ ಲಿಥಿಯಂ ಅಳೆಯುವ ರೀತಿ ಗೊತ್ತಿರುವುದಿಲ್ಲ. ಒಮ್ಮೆ ನಾನು ಕಲ್ಲುಗುಂಡಿನ ಹಾಗೆ ಇದ್ದೆ, ರಿಪೋರ್ಟ್ 2.4 ಬಂತು. ಲ್ಯಾಬಿನವರು ಗಾಬರಿಯಲ್ಲಿ ಫೋನ್ ಮಾಡಿ ಈಗಲೇ ಅಡ್ಮಿಟ್ ಆಗಿ ಅಂದರು. ನಮ್ಮನೆಯವರು ಆಗಲೇ ಬಟ್ಟೆ ತುಂಬುತ್ತಿದ್ದರು. ಡಾಕ್ಟರು ಕೇಳಿದ್ದು ಒಂದೇ ಮಾತು: ರಕ್ತ ತೆಗೆದ ಟ್ಯೂಬಿನ ಮುಚ್ಚಳ ಯಾವ ಬಣ್ಣ ಇತ್ತಮ್ಮ? ಹಸಿರು. ಹಸಿರು ಮುಚ್ಚಳದ ಒಂದು ಬಗೆಯ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕಿರುವುದೇ ಲಿಥಿಯಂ ಹೆಪರಿನ್. ಅಂದರೆ ನನ್ನ ರಕ್ತದ ಲಿಥಿಯಂ ಜೊತೆ ಟ್ಯೂಬಿನ ಲಿಥಿಯಂ ಕೂಡ ಅಳೆದು ಕೊಟ್ಟಿದ್ದರು. ಮತ್ತೆ ಬೇರೆ ಟ್ಯೂಬಿನಲ್ಲಿ ಕೊಟ್ಟೆ, 0.7.

ಸಣ್ಣಪುಟ್ಟದ್ದು ಬೇಗ ಹೇಳಿ ಮುಗಿಸುತ್ತೇನೆ. ಕೈ ಸ್ವಲ್ಪ ನಡುಗುತ್ತದೆ, ಅತಿಥಿಗಳಿಗೆ ಕಾಫಿ ನಾನು ಕೊಡುವುದಿಲ್ಲ, ಮಗಳು ಕೊಡುತ್ತಾಳೆ. ತೂಕ ನಾಲ್ಕು ಕೆಜಿ. ಗದ್ದದ ಮೇಲೆ ಕಾಲೇಜು ಹುಡುಗಿಯರ ಥರ ಮೊಡವೆ. ಕೆಲವರು ಚುರುಕುತನ ಹೋಯಿತು, ಬರೆಯಲಾಗುವುದಿಲ್ಲ ಅನ್ನುತ್ತಾರೆ. ನನಗೆ ಮೇನಿಯಾದಲ್ಲಿದ್ದಷ್ಟು ಐಡಿಯಾ ಈಗ ಬರುವುದಿಲ್ಲ, ನಿಜ, ಆದರೆ ಆ ಐಡಿಯಾದ ಸಾಲ ತೀರಿಸಿದ್ದು ಮೊನ್ನೆ ಮೊನ್ನೆ. ಮಗು ಬೇಕೆನ್ನುವವರು ಮೊದಲೇ ಡಾಕ್ಟರ ಹತ್ತಿರ ಮಾತಾಡಿ, ಮೊದಲ ಮೂರು ತಿಂಗಳಲ್ಲಿ ಮಗುವಿನ ಹೃದಯಕ್ಕೆ ಸಣ್ಣ ಅಪಾಯ ಇದೆ. ವಾಲ್ಪ್ರೊಏಟ್ ಅಂತೂ ಅದಕ್ಕಿಂತ ಎಷ್ಟೋ ಕೆಟ್ಟದ್ದು. ಮತ್ತೆ, ಹುಷಾರಾದೆ ಅಂತ ದಿಢೀರ್ ಬಿಟ್ಟರೆ ಮೇನಿಯಾ ವಾಪಸ್ ಬರುವ ಅಪಾಯ ಜಾಸ್ತಿ. ಮೆಲ್ಬೋರ್ನಿನ ಆ ಮೊದಲ ರೋಗಿ ನೆನಪಿರಲಿ.

ಒಟ್ಟು ಐದಕ್ಕೆ ನಾಲ್ಕು. ಕಳೆದ ಒಂದು ನಕ್ಷತ್ರ ನೀರಿಗೂ ಬಸ್ಸಿಗೂ ಹೋಯಿತು. ಬೇರೆಯವರಿಗೆ ಹೇಳಿ ಕೊಡಿಸುತ್ತೀರಾ ಅಂದರೆ, ಮಾತ್ರೆ ಮಾತ್ರ ಕೊಡಿಸಿ ಪ್ರಯೋಜನವಿಲ್ಲ. ಮೂರ್ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡುವ ತಾಳ್ಮೆ ಇದ್ದವರಿಗೆ, ಹತ್ತಿರದಲ್ಲಿ ಫೋನ್ ಎತ್ತುವ ಡಾಕ್ಟರು ಇದ್ದವರಿಗೆ ಹೌದು ಅನ್ನುತ್ತೇನೆ. ಅದಿಲ್ಲದ ಊರಲ್ಲಿ ಇದು ಅಗ್ಗದ ಮಾತ್ರೆಯಲ್ಲ.

ಹೋದ ತಿಂಗಳ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 10.7 ಬಂದಿದೆ, ಸ್ವಲ್ಪ ಜಾಸ್ತಿ. ಕುತ್ತಿಗೆಯಲ್ಲಿ ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್‌ಗಳಿವೆ. ವರ್ಷಗಟ್ಟಲೆ ಲಿಥಿಯಂ ತಿಂದ ಕೆಲವರಲ್ಲಿ ಅವು ರಕ್ತದ ಕ್ಯಾಲ್ಸಿಯಂ ಏರಿಸುವ ಪಿಟಿಎಚ್ ಅನ್ನುವ ಹಾರ್ಮೋನ್ ಜಾಸ್ತಿ ಬಿಡುತ್ತವಂತೆ. ಇನ್ನೊಂದು ಬಾವಿ. ಗಾಬರಿ ಬೇಡ, ಪಿಟಿಎಚ್ ಜೊತೆ ಮತ್ತೊಮ್ಮೆ ನೋಡೋಣ ಅಂದಿದ್ದಾರೆ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ರಕ್ತ ಕೊಡಬೇಕು. ಸೂಜಿ ಚುಚ್ಚುವ ಮೊದಲು ಮುಚ್ಚಳದ ಬಣ್ಣ ನೋಡುತ್ತೇನೆ.